ನೋಟೊ ಸ್ಯಾನ್ಸ್ ಸಿಜೆಕೆ: ಪುಕ್ಕಟೆ ಸಿಗುವ ಚೀನೀ ಫಾಂಟ್ ಬ್ರೌಸರ್‌ನಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ?

ಬ್ರೌಸರ್‌ನಲ್ಲಿ ಚೀನೀ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿವೆ ಎಂದು ಯಾರಾದರೂ ದೂರಿದರೆ, ಸಲಹೆಯಾಗಿ ಬರುವ ಹೆಸರು ಹೆಚ್ಚಾಗಿ ಒಂದೇ: ನೋಟೊ ಸ್ಯಾನ್ಸ್ ಸಿಜೆಕೆ. ಗೂಗಲ್ ಮತ್ತು ಅಡೋಬಿ ಸೇರಿ 2014ರ ಜುಲೈನಲ್ಲಿ ಹೊರತಂದ ಫಾಂಟ್ ಇದು. ಸಿಜೆಕೆ ಎಂದರೆ ಚೈನೀಸ್, ಜಪಾನೀಸ್, ಕೊರಿಯನ್. ಚೌಕಗಳನ್ನು ಓಡಿಸುವ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡುತ್ತದೆ. ಆದರೆ ಚೌಕ ಹೋಯಿತು ಎಂದ ಮಾತ್ರಕ್ಕೆ ಅಕ್ಷರ ಸರಿಯಾಗಿ ಬಂತು ಎಂದಲ್ಲ. ಚೀನೀ ಬರಹ ಜಪಾನಿ ಶೈಲಿಯ ಅಕ್ಷರಗಳಲ್ಲಿ ಮೂಡುವುದು ಇವತ್ತಿಗೂ ಸಾಮಾನ್ಯ, ಅದೂ ಇದೇ ಫಾಂಟ್ ಹಾಕಿದ ಯಂತ್ರಗಳಲ್ಲಿ. ಅದರಲ್ಲಿ ಫಾಂಟಿನ ತಪ್ಪು ಕಡಿಮೆ, ಪುಟ ಬರೆದವರ ತಪ್ಪು ಹೆಚ್ಚು.

ಮೊದಲು ಪೆಟ್ಟಿಗೆಯೊಳಗೆ ಏನಿದೆ ನೋಡೋಣ. ತೀರ ತೆಳುವಿನಿಂದ ತೀರ ದಪ್ಪದವರೆಗೆ ಏಳು ಹಂತಗಳು. ಪ್ರತಿ ಹಂತದಲ್ಲೂ 65,535 ಅಕ್ಷರರೂಪಗಳು. ಈ ಸಂಖ್ಯೆ ಆಕಸ್ಮಿಕವಲ್ಲ: ಓಪನ್‌ಟೈಪ್ ಎಂಬ ನಮೂನೆಯ ಫಾಂಟಿನಲ್ಲಿ ಪ್ರತಿ ರೂಪಕ್ಕೂ 16 ಬಿಟ್ ಕ್ರಮಸಂಖ್ಯೆ ಇರುವುದರಿಂದ ಅದಕ್ಕಿಂತ ಒಂದು ರೂಪವನ್ನೂ ಹೆಚ್ಚಿಗೆ ತುಂಬಲು ಬರುವುದಿಲ್ಲ. ವಿನ್ಯಾಸ ಅಡೋಬಿಯ ರ್ಯೋಕೋ ನಿಶಿಜುಕಾ ಅವರದು, ತಾಂತ್ರಿಕ ಹೊಣೆ ಕೆನ್ ಲುಂಡೆ ಅವರದು. ಜಪಾನಿನ ಇವಾಟಾ, ಕೊರಿಯಾದ ಸ್ಯಾಂಡಾಲ್, ಚೀನಾದ ಚಾಂಗ್‌ಝೌ ಸಿನೋಟೈಪ್ ಸಂಸ್ಥೆಗಳು ಅಕ್ಷರ ಬಿಡಿಸುವ ಕೆಲಸ ಹಂಚಿಕೊಂಡವು. 2015ರಿಂದ ಓಪನ್ ಫಾಂಟ್ ಲೈಸೆನ್ಸ್ ಎಂಬ ಮುಕ್ತ ಪರವಾನಗಿಯ ಅಡಿ ಇದೆ. ವ್ಯಾಪಾರದ ಸೈಟಿಗೂ ಹಾಕಬಹುದು, ಕತ್ತರಿಸಿ ಚಿಕ್ಕದು ಮಾಡಿಯೂ ಹಂಚಬಹುದು. ಇದು ಸಣ್ಣ ವಿಷಯವಲ್ಲ. ವಿಂಡೋಸ್ ಜೊತೆ ಬರುವ ಮೈಕ್ರೋಸಾಫ್ಟ್ ಯಾಹೈ ಫಾಂಟ್ ನಿಮ್ಮ ಯಂತ್ರದಲ್ಲಿದೆ ಎಂದ ಮಾತ್ರಕ್ಕೆ ಅದನ್ನು ಸರ್ವರ್‌ಗೆ ಏರಿಸಿ ಜಗತ್ತಿಗೆ ಹಂಚುವ ಹಕ್ಕು ಬರುವುದಿಲ್ಲ.

ಈಗ ಮುಖ್ಯ ವಿಷಯ. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್ 1992ರಲ್ಲಿ 20,902 ಹಾನ್ ಅಕ್ಷರಗಳನ್ನು (ಚೀನೀ ಮೂಲದ ಅಕ್ಷರಗಳನ್ನು) ಸೇರಿಸಿಕೊಂಡಾಗ ಚೀನಾ, ತೈವಾನ್, ಜಪಾನ್, ಕೊರಿಯಾಗಳಲ್ಲಿ ಮೂಲತಃ ಒಂದೇ ಆಗಿರುವ ಅಕ್ಷರಕ್ಕೆ ಒಂದೇ ಸಂಖ್ಯೆ ಕೊಟ್ಟಿತು. ಬರೆಯುವ ರೂಢಿ ಒಂದೊಂದು ಕಡೆ ಒಂದೊಂದು ತೆರನಾಗಿದ್ದರೂ ಸಂಖ್ಯೆ ಮಾತ್ರ ಒಂದೇ. ‘ನೇರ’ ಎಂಬ ಅರ್ಥದ ಅಕ್ಷರವನ್ನೇ ತೆಗೆದುಕೊಳ್ಳಿ. ಅದರ ಸಂಖ್ಯೆ (ಹದಿನಾರರ ಎಣಿಕೆಯಲ್ಲಿ) 76ಎಫ್4. ಚೀನಾದಲ್ಲಿ ನಡುವಿನ ಉದ್ದ ಚೌಕದ ಎರಡೂ ಕಾಲುಗಳು ಬುಡದ ಅಡ್ಡಗೆರೆಯ ಮೇಲೆ ಊರಿ ನಿಲ್ಲುತ್ತವೆ. ಜಪಾನಿನಲ್ಲಿ ಎಡಗಡೆ ಒಂದು ಗೆರೆ ಕೆಳಗಿಳಿದು ಬಲಕ್ಕೆ ಮೂಲೆ ತಿರುಗುತ್ತದೆ, ಚೌಕ ಆ ಮೂಲೆಯಿಂದ ಬಿಡಿಯಾಗಿ ಒಳಗೆ ಇರುತ್ತದೆ. ‘ಮೂಳೆ’ ಎಂಬ ಅರ್ಥದ 9ಎಎ8ರಲ್ಲಿ ತಲೆಯೊಳಗಿನ ಪುಟ್ಟ ಮೂಲೆ ಚೀನಾದ ಸರಳೀಕೃತ (ಗೆರೆಗಳನ್ನು ಕಡಿಮೆ ಮಾಡಿದ) ರೂಢಿಯಲ್ಲಿ ಎಡಕ್ಕಿದೆ, ಜಪಾನಿನಲ್ಲಿ ಬಲಕ್ಕಿದೆ. ಚೀನೀ ಓದುಗರಿಗೆ ಇದು ಓದಲಾಗದಷ್ಟು ತೊಂದರೆಯಲ್ಲ. ಆದರೆ ಕಣ್ಣಿಗೆ ತಟ್ಟನೆ ಚುಚ್ಚುತ್ತದೆ, ‘ಈ ಸೈಟು ನಮ್ಮವರು ಮಾಡಿದ್ದಲ್ಲ’ ಎಂದು ಗೊತ್ತಾಗಿಬಿಡುತ್ತದೆ. ಮಕ್ಕಳಿಗೆ ಅಕ್ಷರ ಕಲಿಸುವ ಪುಟದಲ್ಲಾದರೆ ಅದು ನೇರವಾಗಿ ತಪ್ಪು.

ಹಾಗಾದರೆ ಒಂದೇ ಸಂಖ್ಯೆಗೆ ಯಾವ ರೂಪ ತೋರಿಸಬೇಕು ಎಂದು ಬ್ರೌಸರ್‌ಗೆ ಹೇಳುವವರು ಯಾರು? ಪುಟ ಬರೆಯುವ ಎಚ್‌ಟಿಎಂಎಲ್‌ನಲ್ಲಿ ಬರಹದ ಭಾಷೆ ಯಾವುದೆಂದು ತಿಳಿಸುವ ‘ಲ್ಯಾಂಗ್’ ಗುಣ. ನೋಟೊ ಸಿಜೆಕೆಯ ಪೂರ್ಣ ಆವೃತ್ತಿಯ ಒಳಗೆ ಎಲ್ಲ ಪ್ರದೇಶಗಳ ರೂಪಗಳೂ ಇವೆ, ‘ಲೋಕಲ್’ ಎಂಬ ಓಪನ್‌ಟೈಪ್ ಸೌಲಭ್ಯ ಭಾಷೆಗೆ ತಕ್ಕ ರೂಪವನ್ನು ಆರಿಸಿ ಕೊಡುತ್ತದೆ. ಸರಳೀಕೃತ ಚೀನೀಗೆ ಲ್ಯಾಂಗ್ ಮೌಲ್ಯ ‘ಜೆಡ್‌ಎಚ್-ಹ್ಯಾನ್ಸ್’, ತೈವಾನಿನ ಸಾಂಪ್ರದಾಯಿಕ (ಸರಳಗೊಳಿಸದ ಹಳೆಯ ರೂಪದ) ಬರಹಕ್ಕೆ ‘ಜೆಡ್‌ಎಚ್-ಹ್ಯಾಂಟ್’, ಹಾಂಗ್‌ಕಾಂಗ್‌ಗೆ ‘ಜೆಡ್‌ಎಚ್-ಎಚ್‌ಕೆ’, ಜಪಾನಿಗೆ ‘ಜೆಎ’, ಕೊರಿಯನ್‌ಗೆ ‘ಕೆಓ’. ಇಡೀ ಪುಟ ಚೀನೀಯಾದರೆ ಎಚ್‌ಟಿಎಂಎಲ್ ಟ್ಯಾಗಿಗೇ ಹಾಕಿ. ಕನ್ನಡ ಪುಟದ ನಡುವೆ ಎರಡು ಚೀನೀ ಪದ ಬಂದರೆ ಪುಟಕ್ಕೆ ‘ಕೆಎನ್’, ಆ ಪದಗಳನ್ನು ಸುತ್ತಿದ ಸ್ಪ್ಯಾನ್‌ಗೆ ‘ಜೆಡ್‌ಎಚ್-ಹ್ಯಾನ್ಸ್’. ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಕ್ರಮ) ಯುಟಿಎಫ್-8 ಎಂದು ಘೋಷಿಸಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. ಹಿಂದೆ ಪುಟದ ಎನ್‌ಕೋಡಿಂಗ್ ಚೀನಾದ ‘ಜಿಬಿ2312’ ಎಂದಿದ್ದರೆ ಭಾಷೆ ಚೀನೀ ಎಂದು ಬ್ರೌಸರ್ ಊಹಿಸಿಕೊಳ್ಳಬಹುದಿತ್ತು. ಯುಟಿಎಫ್-8ರಲ್ಲಿ ಆ ಸುಳಿವೇ ಇಲ್ಲ.

ಲ್ಯಾಂಗ್ ಇಲ್ಲದಿದ್ದರೆ ಬ್ರೌಸರ್ ಊಹೆಗೆ ಇಳಿಯುತ್ತದೆ. ಕ್ರೋಮ್ ನೋಡುವುದು ನಿಮ್ಮ ಆದ್ಯತೆಯ ಭಾಷೆಗಳ ಪಟ್ಟಿಯನ್ನು ಮತ್ತು ಸಿಸ್ಟಮ್ ಭಾಷೆಯನ್ನು. ಓದುಗರ ಕಡೆಯಿಂದ ಮಾಡಬಹುದಾದ ಸುಲಭ ಪರಿಹಾರವೂ ಇಲ್ಲೇ ಇದೆ: ಕ್ರೋಮ್ ಸೆಟ್ಟಿಂಗ್ಸ್‌ನ ಭಾಷೆಗಳ ಪಟ್ಟಿಗೆ ಸರಳೀಕೃತ ಚೀನೀ ಸೇರಿಸಿ, ಜಪಾನಿ ಇದ್ದರೆ ಅದಕ್ಕಿಂತ ಮೇಲಕ್ಕೆ ಸರಿಸಿ. ಆಂಡ್ರಾಯ್ಡ್ 7ರ ನಂತರದ ಫೋನುಗಳಲ್ಲೂ ಕನ್ನಡವನ್ನು ಮೊದಲನೆಯದಾಗಿಯೇ ಇಟ್ಟುಕೊಂಡು ಎರಡನೇ ಭಾಷೆಯಾಗಿ ಚೀನೀ ಸೇರಿಸಿದರೆ ಅಕ್ಷರಗಳ ರೂಪ ಬದಲಾಗುತ್ತದೆ. ಫೈರ್‌ಫಾಕ್ಸ್ ಈ ವಿಷಯದಲ್ಲಿ ಎಲ್ಲರಿಗಿಂತ ಉದಾರಿ: ಸೆಟ್ಟಿಂಗ್ಸ್‌ನ ಫಾಂಟ್ ಭಾಗದಲ್ಲಿ ‘ಅಡ್ವಾನ್ಸ್ಡ್’ ಒತ್ತಿದರೆ ಸರಳೀಕೃತ ಚೀನೀ, ತೈವಾನ್, ಹಾಂಗ್‌ಕಾಂಗ್, ಜಪಾನಿ ಒಂದೊಂದಕ್ಕೂ ಬೇರೆ ಬೇರೆ ಫಾಂಟ್ ನೇಮಿಸಬಹುದು. ಕ್ರೋಮ್‌ನಲ್ಲಿ ಇದಕ್ಕೆ ಎಕ್ಸ್‌ಟೆನ್ಶನ್ ಹುಡುಕಬೇಕು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಕಿತ್ತುಹಾಕುವುದು ಒಳ್ಳೆಯದು. ಸರಳೀಕೃತ ಬರಹವನ್ನು ಸಾಂಪ್ರದಾಯಿಕಕ್ಕೆ ಬದಲಿಸುವುದು ಫಾಂಟಿನ ಕೆಲಸವಲ್ಲ. ‘ದೇಶ’ ಎಂಬ ಅಕ್ಷರದ ಸರಳ ರೂಪ 56ಎಫ್‌ಡಿ, ಸಾಂಪ್ರದಾಯಿಕ ರೂಪ 570ಬಿ. ಎರಡೂ ಬೇರೆ ಬೇರೆ ಸಂಖ್ಯೆಗಳು. ಲ್ಯಾಂಗ್ ಬದಲಿಸಿದರೆ ಮೂಳೆಯ ಮೂಲೆ ತಿರುಗುತ್ತದೆಯೇ ಹೊರತು ಒಂದು ದೇಶ ಇನ್ನೊಂದಾಗುವುದಿಲ್ಲ. ಅಲ್ಪವಿರಾಮ, ಪೂರ್ಣವಿರಾಮಗಳು ಮಾತ್ರ ಜಾಗ ಬದಲಿಸುತ್ತವೆ: ಚೀನಾದಲ್ಲಿ ಅವು ತಮ್ಮ ಚೌಕದ ಕೆಳ ಎಡ ಮೂಲೆಯಲ್ಲಿ, ತೈವಾನ್ ಮತ್ತು ಹಾಂಗ್‌ಕಾಂಗ್‌ನಲ್ಲಿ ನಟ್ಟನಡುವೆ. ಪುಟ ಚೀನಾದ ರೂಪದಲ್ಲಿ ಮೂಡಿದೆಯೋ ತೈವಾನ್, ಹಾಂಗ್‌ಕಾಂಗ್ ರೂಪದಲ್ಲೋ ಎಂದು ಚೀನೀ ಬಾರದವರೂ ಪತ್ತೆಹಚ್ಚಲು ಇದಕ್ಕಿಂತ ಸುಲಭದ ಗುರುತು ಇನ್ನೊಂದಿಲ್ಲ.

ಈ ಫಾಂಟಿನ ಬಗ್ಗೆ ನಿಜವಾದ ತಕರಾರು ಶುರುವಾಗುವುದು ಡೌನ್‌ಲೋಡ್ ಪುಟದಲ್ಲಿ. ಒಂದೇ ಸರಕಿಗೆ ಇಷ್ಟೊಂದು ಹೆಸರುಗಳು ಬೇಕಿತ್ತೇ? ‘ನೋಟೊ ಸ್ಯಾನ್ಸ್ ಸಿಜೆಕೆ ಎಸ್‌ಸಿ’ ಅಂದರೆ ಎಲ್ಲ ಪ್ರದೇಶಗಳ ರೂಪಗಳಿದ್ದು, ಲ್ಯಾಂಗ್ ಹೇಳದಿದ್ದಾಗ ಸರಳೀಕೃತ ರೂಪ ತೋರಿಸುವ ಪೂರ್ಣ ಆವೃತ್ತಿ. ಒಂದು ದಪ್ಪಕ್ಕೆ ಸುಮಾರು 16 ಎಂಬಿ. ‘ಸಿಜೆಕೆ’ ಬಿಟ್ಟು ಬರೀ ‘ನೋಟೊ ಸ್ಯಾನ್ಸ್ ಎಸ್‌ಸಿ’ ಎಂದರೆ ಸರಳೀಕೃತಕ್ಕೆ ಮಾತ್ರ ಕತ್ತರಿಸಿದ ಆವೃತ್ತಿ. ಸುಮಾರು ಅರ್ಧ ಗಾತ್ರ. ಇದರಲ್ಲಿ ಬೇರೆ ಪ್ರದೇಶದ ರೂಪಗಳಿಲ್ಲ, ಹಾಗಾಗಿ ಲ್ಯಾಂಗ್ ಬದಲಿಸಿದರೂ ಇದು ಬದಲಾಗದು. ಅಡೋಬಿಯ ಕಡೆ ಇದೇ ಎರಡಕ್ಕೆ ‘ಸೋರ್ಸ್ ಹಾನ್ ಸ್ಯಾನ್ಸ್ ಎಸ್‌ಸಿ’ ಮತ್ತು ‘ಸೋರ್ಸ್ ಹಾನ್ ಸ್ಯಾನ್ಸ್ ಸಿಎನ್’ ಎಂಬ ಹೆಸರುಗಳು. ಇವೆಲ್ಲ ಒಟ್ಟಿಗೆ ಬೇಕೆಂದರೆ ‘ಸೂಪರ್ ಓಟಿಸಿ’ ಎಂಬ ಒಂದೇ ಕಡತವಿದೆ, ಅದು ನೂರು ಎಂಬಿ ದಾಟುತ್ತದೆ. ಪುಟದ ಅಂದ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಒಂದು ಹೆಸರು ಬರೆದು ಯಂತ್ರದಲ್ಲಿ ಇನ್ನೊಂದು ಹೆಸರಿನದು ಇದ್ದರೆ ಬ್ರೌಸರ್ ಸದ್ದಿಲ್ಲದೆ ಬೇರೆ ಫಾಂಟಿಗೆ ಹೋಗುತ್ತದೆ. ಯಾವ ದೋಷಸೂಚನೆಯೂ ಬರುವುದಿಲ್ಲ. ‘ಫಾಂಟ್ ಹಾಕಿದ್ದೇನೆ, ಬದಲಾವಣೆಯೇ ಇಲ್ಲ’ ಎನ್ನುವವರು ಮೊದಲು ನೋಡಬೇಕಾದ್ದು ಇದನ್ನೇ. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಎಲಿಮೆಂಟ್ ಆರಿಸಿ ‘ಕಂಪ್ಯೂಟೆಡ್’ ಪಟ್ಟಿಯ ತಳಕ್ಕೆ ಹೋದರೆ ನಿಜವಾಗಿ ಬಳಸಿದ ಫಾಂಟಿನ ಹೆಸರು ಕಾಣುತ್ತದೆ.

ಲಿನಕ್ಸ್ ಬಳಸುವವರಿಗೆ ಈ ಫಾಂಟನ್ನು ಎರಡು ಮಾತಿಲ್ಲದೆ ಶಿಫಾರಸು ಮಾಡಬಹುದು. ಡೆಬಿಯನ್, ಉಬುಂಟುಗಳಲ್ಲಿ ‘ಫಾಂಟ್ಸ್-ನೋಟೊ-ಸಿಜೆಕೆ’ ಎಂಬ ಪ್ಯಾಕೇಜ್ ಹಾಕಿದರೆ ಸಾಧಾರಣ ಮತ್ತು ದಪ್ಪ ಎರಡು ಹಂತ ಬರುತ್ತವೆ. ಉಳಿದವು ‘ಎಕ್ಸ್‌ಟ್ರಾ’ ಎಂಬ ಬಾಲವಿರುವ ಪ್ಯಾಕೇಜಿನಲ್ಲಿ. ಹಾಕಿದ ಮೇಲೆ ‘ಎಫ್‌ಸಿ-ಮ್ಯಾಚ್’ ಆಜ್ಞೆಗೆ ಭಾಷೆಯಾಗಿ ಜೆಡ್‌ಎಚ್-ಸಿಎನ್ ಕೊಟ್ಟು ಕೇಳಿ. ಉತ್ತರದಲ್ಲಿ ‘ಸಿಜೆಕೆ ಎಸ್‌ಸಿ’ ಬದಲು ‘ಸಿಜೆಕೆ ಜೆಪಿ’ ಬಂದರೆ ಲಿನಕ್ಸ್‌ನಲ್ಲಿ ಫಾಂಟ್ ಆರಿಸಿಕೊಡುವ ಫಾಂಟ್‌ಕಾನ್ಫಿಗ್ ಜಪಾನಿಯನ್ನು ಮುಂದಿಟ್ಟಿದೆ ಎಂದರ್ಥ. ಹೋಮ್ ಫೋಲ್ಡರಿನ ಫಾಂಟ್‌ಕಾನ್ಫಿಗ್ ಕಡತದಲ್ಲಿ ಸ್ಯಾನ್ಸ್-ಸೆರಿಫ್‌ಗೆ ಎಸ್‌ಸಿಯನ್ನು ಜೆಪಿಗಿಂತ ಮೊದಲು ಬರೆದು, ‘ಎಫ್‌ಸಿ-ಕ್ಯಾಶ್’ ಓಡಿಸಿ, ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ. ಅದೇ ಕಡತದಲ್ಲಿ ಕನ್ನಡದ ಫಾಂಟನ್ನು ಸಿಜೆಕೆಗಿಂತ ಮೊದಲೇ ಇಟ್ಟುಕೊಳ್ಳಿ.

ಮ್ಯಾಕ್ ಮತ್ತು ಐಫೋನ್‌ಗಳಲ್ಲಿ ಇದರ ಅಗತ್ಯವೇ ಇಲ್ಲ. 2015ರಿಂದ ಬರುತ್ತಿರುವ ಆಪಲ್‌ನ ಪಿಂಗ್‌ಫಾಂಗ್ ಫಾಂಟ್ ಸಾಕಷ್ಟು ಚೆನ್ನಾಗಿದೆ.

ವಿಂಡೋಸ್‌ನಲ್ಲಿ ಉತ್ತರ ಅಷ್ಟು ಸರಳವಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಯಾಹೈ, ಜೆಂಗ್‌ಹೈ, ಸಿಮ್‌ಸನ್ ಎಂಬ ಚೀನೀ ಫಾಂಟುಗಳು ಎಲ್ಲ ಭಾಷೆಯ ಆವೃತ್ತಿಗಳಲ್ಲೂ ಇರುತ್ತವೆ; ಚೌಕಗಳು ಕಾಣುವ ಸಂದರ್ಭ ಅಪರೂಪ. ಎಕ್ಸ್‌ಪಿ ಕಾಲದಲ್ಲಿ ಪೂರ್ವ ಏಷ್ಯಾ ಭಾಷೆಗಳಿಗೆಂದು ಬೇರೆ ಟಿಕ್ ಹಾಕಿ, ಸಿಡಿ ತುರುಕಿ, 230 ಎಂಬಿ ಜಾಗ ಕೊಡಬೇಕಿತ್ತು. ಆ ಕಾಲದ ಸೂಚನೆಗಳನ್ನು ಈಗಲೂ ನಕಲಿಸಿ ಅಂಟಿಸುವವರಿದ್ದಾರೆ, ನಂಬಬೇಡಿ. 2025ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಅಪ್‌ಡೇಟ್‌ನಲ್ಲೇ ನೋಟೊ ಸಿಜೆಕೆಯನ್ನು, ಬೇರೆ ಫಾಂಟಿನಲ್ಲಿ ಅಕ್ಷರ ಸಿಗದಾಗ ಬಳಸುವ ಬದಲಿ ಫಾಂಟಾಗಿ ಸೇರಿಸಿತು. ಅದರ ಬೆನ್ನಿಗೇ ಕ್ರೋಮ್, ಎಡ್ಜ್‌ಗಳಲ್ಲಿ ಚೀನೀ ಅಕ್ಷರಗಳು ಮಸುಕಾಗಿವೆ ಎಂಬ ದೂರುಗಳು ಬಂದವು. ತೊಂದರೆ ಕಾಣುವುದು ಪರದೆ 96 ಡಿಪಿಐನಲ್ಲಿ, ಅಂದರೆ ಸ್ಕೇಲಿಂಗ್ 100 ಪ್ರತಿಶತ ಇರುವಾಗ. ಸ್ಕೇಲಿಂಗ್ ಅನ್ನು 125 ಅಥವಾ 150ಕ್ಕೆ ಏರಿಸಿ ಎಂಬುದು ಮೈಕ್ರೋಸಾಫ್ಟೇ ಕೊಟ್ಟ ತಾತ್ಕಾಲಿಕ ಸಲಹೆ. ಹಳೆಯ ಕಡಿಮೆ ಸಾಂದ್ರತೆಯ ಮಾನಿಟರ್‌ಗಳಲ್ಲಿ ಯಾಹೈಯೇ ಮೇಲು. ಅದನ್ನು ಪರದೆಯ ಅಕ್ಷರಗಳನ್ನು ನುಣುಪಾಗಿಸುವ ವಿಂಡೋಸ್‌ನ ಕ್ಲಿಯರ್‌ಟೈಪ್ ತಂತ್ರಕ್ಕೆಂದೇ ಹದಗೊಳಿಸಲಾಗಿದೆ, ಹದಿನಾಲ್ಕು ಪಿಕ್ಸೆಲ್‌ನಲ್ಲೂ ಒತ್ತೊತ್ತಾದ ಗೆರೆಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಅಲ್ಲಿ ನೋಟೊಗೆ ಅಂಕ ಕಡಿಮೆ.

ಸೈಟ್ ಮಾಡುವವರ ಲೆಕ್ಕವೇ ಬೇರೆ. ಕನ್ನಡಕ್ಕೆ ಯುನಿಕೋಡ್ ಮೀಸಲಿಟ್ಟ ಜಾಗವೇ 128 ಸಂಖ್ಯೆಗಳು. ಒತ್ತಕ್ಷರಗಳೆಲ್ಲ ಸೇರಿದರೂ ಕನ್ನಡ ಫಾಂಟನ್ನು ಪುಟದ ಜೊತೆ ಕಳಿಸುವುದು ಭಾರವಲ್ಲ. ಅದೇ ರೂಢಿಯಲ್ಲಿ 16 ಎಂಬಿಯ ಚೀನೀ ಫಾಂಟನ್ನೂ ಪುಟಕ್ಕೆ ಕಟ್ಟಿದರೆ ಮೊಬೈಲ್ ಓದುಗರು ಅಕ್ಷರ ಮೂಡುವ ಮೊದಲೇ ಹೊರಟುಹೋಗಿರುತ್ತಾರೆ. ಇದಕ್ಕೆ ಗೂಗಲ್ ಫಾಂಟ್ಸ್ ಕಂಡುಕೊಂಡ ದಾರಿ ಚೆನ್ನಾಗಿದೆ: ಫಾಂಟನ್ನು ನೂರರಷ್ಟು ತುಂಡು ಮಾಡಿ, ಒಟ್ಟಿಗೆ ಬಳಕೆಯಾಗುವ ಅಕ್ಷರಗಳನ್ನು ಒಂದೇ ತುಂಡಿನಲ್ಲಿಟ್ಟು, ಸಿಎಸ್‌ಎಸ್‌ನ ‘ಯುನಿಕೋಡ್-ರೇಂಜ್’ ಮೂಲಕ ಪುಟದಲ್ಲಿರುವ ಅಕ್ಷರಗಳಿಗೆ ಬೇಕಾದ ತುಂಡುಗಳನ್ನಷ್ಟೇ ಇಳಿಸುವುದು. ಇದಕ್ಕೊಂದು ಬೆಲೆಯೂ ಇದೆ. ತುಂಡುಗಳು ಒಂದೊಂದಾಗಿ ಬಂದು ಸೇರುವಾಗ ಒಂದೇ ಸಾಲಿನಲ್ಲಿ ಅರ್ಧ ಅಕ್ಷರಗಳು ಹೊಸ ಫಾಂಟಿನಲ್ಲಿ, ಅರ್ಧ ಹಳೆಯದರಲ್ಲಿ ಕ್ಷಣಕಾಲ ತೇಪೆ ಹಾಕಿದಂತೆ ಕಾಣುತ್ತವೆ. ಓದುಗರು ಚೀನಾದ ಮುಖ್ಯಭೂಮಿಯಲ್ಲಿದ್ದರೆ ಗೂಗಲ್‌ನ ಸರ್ವರ್‌ಗಳನ್ನು ನೆಚ್ಚಿಕೊಳ್ಳಬೇಡಿ. ತುಂಡುಗಳನ್ನು ನಿಮ್ಮ ಸರ್ವರ್‌ನಲ್ಲೇ ಇಡಿ.

ಶೀರ್ಷಿಕೆಗಷ್ಟೇ ನೋಟೊ ಸಾಕು ಎನ್ನುವುದಾದರೆ ಇನ್ನೂ ಅಗ್ಗದ ದಾರಿಯಿದೆ. ಪೈಥಾನ್‌ನ ಫಾಂಟ್‌ಟೂಲ್ಸ್ ಜೊತೆ ಬರುವ ‘ಪೈಎಫ್‌ಟಿಸಬ್‌ಸೆಟ್’ಗೆ ಶೀರ್ಷಿಕೆಗಳಿರುವ ಪಠ್ಯದ ಕಡತವನ್ನು ಕೊಟ್ಟು, ಹೊರಬರುವ ನಮೂನೆ ವಾಫ್2 (ವೆಬ್‌ಗೆಂದು ಕುಗ್ಗಿಸಿದ ಫಾಂಟ್ ನಮೂನೆ) ಇರಲಿ ಎಂದು ಹೇಳಿದರೆ ಆ ಅಕ್ಷರಗಳಷ್ಟೇ ಇರುವ ಪುಟ್ಟ ಕಡತ ಸಿಗುತ್ತದೆ. ಎಷ್ಟು ಅಕ್ಷರ ಉಳಿಸಿಕೊಳ್ಳಬೇಕು ಎಂಬ ಅಂದಾಜಿಗೆ ಚೀನಾದ 2013ರ ಅಧಿಕೃತ ಪಟ್ಟಿ ಇದೆ: ಒಟ್ಟು 8,105 ಅಕ್ಷರ, ಅದರಲ್ಲಿ ದಿನಬಳಕೆಯ ಮೊದಲ ಹಂತ 3,500. ಈ 3,500ಕ್ಕೆ ನಿಲ್ಲಿಸಿದರೆ ಸುದ್ದಿ, ಲೇಖನಗಳು ಬಹುಪಾಲು ನಡೆಯುತ್ತವೆ. ಎಡವುವುದು ಜನರ ಹೆಸರುಗಳಲ್ಲಿ, ಊರುಗಳ ಹೆಸರುಗಳಲ್ಲಿ. ಪಟ್ಟಿಗೆ ವಿರಾಮಚಿಹ್ನೆಗಳನ್ನು ಸೇರಿಸಲು ಮರೆತವರ ಪುಟದಲ್ಲಿ ಅಲ್ಪವಿರಾಮ ಒಂದೇ ಬೇರೆ ಫಾಂಟಿನಿಂದ ಬಂದು ಕುಳಿತಿರುತ್ತದೆ.

ದೇಹಪಠ್ಯಕ್ಕೆ ನಮ್ಮ ಆಯ್ಕೆ: ವೆಬ್ ಫಾಂಟೇ ಬೇಡ. ಸಿಎಸ್‌ಎಸ್‌ನ ಫಾಂಟ್ ಸಾಲಿನಲ್ಲಿ ಮೊದಲು ನಿಮ್ಮ ಕನ್ನಡ ಅಥವಾ ಇಂಗ್ಲಿಷ್ ಫಾಂಟ್, ಆಮೇಲೆ ಪಿಂಗ್‌ಫಾಂಗ್ ಎಸ್‌ಸಿ, ಮೈಕ್ರೋಸಾಫ್ಟ್ ಯಾಹೈ, ನೋಟೊ ಸ್ಯಾನ್ಸ್ ಸಿಜೆಕೆ ಎಸ್‌ಸಿ, ಕೊನೆಗೆ ಸ್ಯಾನ್ಸ್-ಸೆರಿಫ್. ಈ ಕ್ರಮ ಮುಖ್ಯ. ನೋಟೊ ಸಿಜೆಕೆಯ ಒಳಗೆ ಇಂಗ್ಲಿಷ್ ಅಕ್ಷರಗಳೂ ಇವೆ. ಅದನ್ನು ಮೊದಲಿಟ್ಟರೆ ನಿಮ್ಮ ಇಂಗ್ಲಿಷ್ ಫಾಂಟಿಗೆ ಕೆಲಸವೇ ಇರುವುದಿಲ್ಲ. ಅದಕ್ಕಿಂತ ಕಿರಿಕಿರಿ ಉದ್ಧರಣ ಚಿಹ್ನೆಗಳದ್ದು. ಬಾಗಿದ ಉದ್ಧರಣ ಚಿಹ್ನೆಗೆ ಕನ್ನಡ, ಇಂಗ್ಲಿಷ್, ಚೀನೀ ಎಲ್ಲಕ್ಕೂ ಒಂದೇ ಸಂಖ್ಯೆ. ಸರಳೀಕೃತ ಚೀನೀ ಫಾಂಟಿನಲ್ಲಿ ಅದು ಇಡೀ ಒಂದು ಅಕ್ಷರದಷ್ಟು ಅಗಲ. ಚೀನೀ ಫಾಂಟ್ ಮೊದಲಿದ್ದರೆ ಕನ್ನಡ ವಾಕ್ಯದಲ್ಲಿ ಉದ್ಧರಣದ ಪಕ್ಕ ಹಲ್ಲು ಬಿದ್ದಂತೆ ಅಂತರ ಬೀಳುತ್ತದೆ. ಕನ್ನಡ ಫಾಂಟ್ ಮೊದಲಿದ್ದರೆ ಚೀನೀ ವಾಕ್ಯದ ಚಿಹ್ನೆಗಳು ಕಿರಿದಾಗಿ ಅಂಟಿಕೊಳ್ಳುತ್ತವೆ. ಎರಡನ್ನೂ ತೃಪ್ತಿಪಡಿಸುವ ಒಂದೇ ಸಾಲು ಇಲ್ಲ. ಸಿಎಸ್‌ಎಸ್‌ನ ‘ಲ್ಯಾಂಗ್’ ಸೆಲೆಕ್ಟರ್ ಬಳಸಿ ಚೀನೀ ಭಾಗಕ್ಕೆ ಬೇರೆ ಫಾಂಟ್ ಸಾಲನ್ನೇ ಬರೆಯಬೇಕು. ಅಲ್ಲಿಗೂ ಲ್ಯಾಂಗ್ ಬೇಕಾಯಿತು ನೋಡಿ.

ದಪ್ಪ ಅಕ್ಷರ ಬೇಕಾದರೆ ದಪ್ಪದ ಕಡತವನ್ನೂ ಕಳಿಸಿ. ಸಾಧಾರಣದ್ದು ಮಾತ್ರ ಇದ್ದರೆ ಬ್ರೌಸರ್ ಗೆರೆಗಳನ್ನು ತಾನೇ ಉಬ್ಬಿಸುತ್ತದೆ, ಹದಿನೈದಿಪ್ಪತ್ತು ಗೆರೆಗಳ ಅಕ್ಷರಗಳು ಮಸಿಯ ಮುದ್ದೆಯಾಗುತ್ತವೆ. ಇಟಾಲಿಕ್ ಚೀನೀ ಮುದ್ರಣದ ರೂಢಿಯಲ್ಲೇ ಇಲ್ಲ, ಫಾಂಟಿನಲ್ಲೂ ಇಲ್ಲ; ಬ್ರೌಸರ್ ಅಕ್ಷರವನ್ನು ಓರೆ ಮಾಡಿ ತೋರಿಸುತ್ತದೆ, ಚೆನ್ನಾಗಿರುವುದಿಲ್ಲ. ‘ಫಾಂಟ್-ಸಿಂಥೆಸಿಸ್’ ಅನ್ನು ‘ನನ್’ ಮಾಡಿ ಎರಡನ್ನೂ ತಡೆಯಬಹುದು. ಸಾಲಿನ ಎತ್ತರವನ್ನು ‘ನಾರ್ಮಲ್’ಗೆ ಬಿಡಬೇಡಿ: ನೋಟೊದ ಸಹಜ ಎತ್ತರ ಅಕ್ಷರ ಗಾತ್ರದ ಸುಮಾರು 1.45 ಪಟ್ಟು ಇರುವುದರಿಂದ, ಚೀನೀ ಪದ ಬಂದ ಸಾಲು ಮಾತ್ರ ಉಳಿದವಕ್ಕಿಂತ ಕೆಳಗೆ ತಳ್ಳಿಕೊಳ್ಳುತ್ತದೆ. ಸಾಲಿನ ಎತ್ತರವನ್ನು 1.7ರ ಆಸುಪಾಸು ನಿಗದಿ ಮಾಡಿದರೆ ಕನ್ನಡದ ಒತ್ತಕ್ಷರಗಳಿಗೂ ಉಸಿರಾಡಲು ಜಾಗ ಸಿಗುತ್ತದೆ. ಸಾಲು ಮುರಿಯಲೆಂದು ‘ಬ್ರೇಕ್-ಆಲ್’ ಹಾಕುವ ಚಾಳಿ ಬಿಡಿ. ಚೀನೀ ಬರಹದಲ್ಲಿ ಪದಗಳ ನಡುವೆ ಜಾಗವಿಲ್ಲದಿದ್ದರೂ ಎಲ್ಲಿ ಮುರಿಯಬೇಕೆಂದು ಬ್ರೌಸರ್‌ಗೆ ಗೊತ್ತು. ನೀವು ಹಾಕಿದ್ದು ಪಕ್ಕದ ಕನ್ನಡ ಪದಗಳನ್ನು ಕಂಡಕಂಡಲ್ಲಿ ತುಂಡರಿಸುತ್ತದೆ. ಕ್ರೋಮ್ 123ರಿಂದ ಪಕ್ಕಪಕ್ಕದ ವಿರಾಮಚಿಹ್ನೆಗಳ ನಡುವಿನ ಹೆಚ್ಚುವರಿ ಜಾಗವನ್ನು ‘ಟೆಕ್ಸ್ಟ್-ಸ್ಪೇಸಿಂಗ್-ಟ್ರಿಮ್’ ಕತ್ತರಿಸುತ್ತದೆ, ನೋಟೊ ಅದಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ.

ಯಾವ ಫಾಂಟಿಗೂ ಬಗ್ಗದ ಸಮಸ್ಯೆ ಎನ್‌ಕೋಡಿಂಗ್‌ನದು. ನೋಟ ಹೇಗಿದೆ ಎಂಬುದರಲ್ಲೇ ಕಾಯಿಲೆ ಗೊತ್ತಾಗುತ್ತದೆ. ಒಂದೇ ತೆರನ ಖಾಲಿ ಚೌಕಗಳಿದ್ದರೆ ಫಾಂಟ್ ಇಲ್ಲ. ಚುಕ್ಕೆ, ಟೋಪಿ ಹೊತ್ತ ಐರೋಪ್ಯ ಅಕ್ಷರಗಳಿದ್ದರೆ ಚೀನೀ ಎನ್‌ಕೋಡಿಂಗನ್ನು ಪಾಶ್ಚಾತ್ಯದ್ದೆಂದು ಓದಲಾಗಿದೆ. ನುಡಿ ಕಡತವನ್ನು ಅದರ ಫಾಂಟಿಲ್ಲದೆ ತೆರೆದವರಿಗೆ ಈ ನೋಟ ಹೊಸದಲ್ಲ. ಅಪರೂಪದ, ಅರ್ಥವಿಲ್ಲದ ಚೀನೀ ಅಕ್ಷರಗಳೇ ಸಾಲಾಗಿ ಬಂದರೆ ಯುಟಿಎಫ್-8 ಅನ್ನು ಚೀನಾದ ಇನ್ನೊಂದು ಎನ್‌ಕೋಡಿಂಗ್ ಆದ ಜಿಬಿಕೆ ಎಂದು ಓದಲಾಗಿದೆ. ‘ನೀ ಹಾವೊ’ ಎಂಬ ಎರಡಕ್ಷರದ ನಮಸ್ಕಾರ ಯುಟಿಎಫ್-8ರಲ್ಲಿ ಆರು ಬೈಟ್. ಜಿಬಿಕೆ ಎರಡೆರಡು ಬೈಟ್ ಓದುವುದರಿಂದ ಅದು ಮೂರಕ್ಷರವಾಗುತ್ತದೆ, ಮೂರನೆಯದು ಜಪಾನಿ ಲಿಪಿಯ ‘ಸೊ’! ಪುಟದಲ್ಲೆಲ್ಲ ‘ಕುನ್ ಜಿನ್ ಕಾವೊ’ ಎಂದು ಓದುವ ಅದೇ ಮೂರು ಅಕ್ಷರ ಮತ್ತೆ ಮತ್ತೆ ಬಂದರೆ ಆಸೆ ಬಿಡಿ. ಓದಲಾಗದ ಬೈಟ್‌ಗಳ ಜಾಗಕ್ಕೆ ಯಾವುದೋ ತಂತ್ರಾಂಶ ಯುನಿಕೋಡ್‌ನ ಬದಲಿ ಚಿಹ್ನೆ ಹಾಕಿ ಉಳಿಸಿದೆ, ಆ ಚಿಹ್ನೆಗಳ ಜೋಡಿಯನ್ನು ಜಿಬಿಕೆ ಎಂದು ಓದಿದಾಗ ಈ ಮೂರು ಬರುತ್ತವೆ. ಮೂಲ ಪಠ್ಯ ಅಳಿದೇ ಹೋಗಿದೆ. ಚೀನಾದ ಪ್ರೋಗ್ರಾಮರ್‌ಗಳಲ್ಲಿ ಈ ಮೂರಕ್ಷರದ ಮೇಲೆ ಜೋಕುಗಳೇ ಇವೆ.

ಪರಿಹಾರದ ಕ್ರಮ: ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿ; ಚಾರ್‌ಸೆಟ್ ಮೆಟಾ ಟ್ಯಾಗ್ ಪುಟದ ಮೊದಲ 1,024 ಬೈಟ್‌ಗಳ ಒಳಗಿರಲಿ; ಸರ್ವರ್ ಕಳಿಸುವ ಹೆಡರ್ ಬೇರೆ ಹೇಳುತ್ತಿಲ್ಲವೇ ನೋಡಿ, ಏಕೆಂದರೆ ಹೆಡರ್ ಮಾತೇ ಮೆಟಾ ಮೇಲೆ ನಡೆಯುತ್ತದೆ. ಬೇರೆಯವರ ಹಳೆಯ ಪುಟ ಓದಬೇಕಾದರೆ ಸಫಾರಿಯ ‘ವ್ಯೂ’ ಮೆನುವಿನಲ್ಲಿ ಎನ್‌ಕೋಡಿಂಗ್ ಆಯ್ಕೆ ಇನ್ನೂ ಇದೆ, ಫೈರ್‌ಫಾಕ್ಸ್‌ನಲ್ಲಿ ‘ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್’ ಎಂಬ ಒಂದೇ ಗುಂಡಿ. ಕ್ರೋಮ್ 2016ರಲ್ಲೇ ಆ ಮೆನು ತೆಗೆದುಹಾಕಿತು.

ಕೊನೆಗೆ ಎರಡು ಕಡೆ ನೋಟೊವನ್ನು ಸುಮ್ಮನೆ ಬೈಯುತ್ತಾರೆ. ಒಂದು, ಡಾಕರ್ (ತಂತ್ರಾಂಶವನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ಓಡಿಸುವ ಸಾಧನ) ಒಳಗೆ ಕ್ರೋಮ್ ಓಡಿಸಿ ಪಿಡಿಎಫ್ ತೆಗೆಯುವವರು: ಅವರ ಲ್ಯಾಪ್‌ಟಾಪ್‌ನಲ್ಲಿ ಸರಿ, ಸರ್ವರ್‌ನ ಪಿಡಿಎಫ್‌ನಲ್ಲಿ ಚೌಕಗಳು. ಡಾಕರ್‌ನ ಪುಟ್ಟ ಇಮೇಜುಗಳಲ್ಲಿ, ಅಂದರೆ ಸಿದ್ಧ ಪೆಟ್ಟಿಗೆಗಳಲ್ಲಿ, ಸಿಜೆಕೆ ಫಾಂಟೇ ಇರುವುದಿಲ್ಲ. ಇಮೇಜ್ ಕಟ್ಟುವಾಗಲೇ ಪ್ಯಾಕೇಜ್ ಸೇರಿಸಬೇಕು, ಕನ್ನಡದ ಫಾಂಟನ್ನೂ. ಇನ್ನೊಂದು, ಅಪರೂಪದ ಅಕ್ಷರಗಳು. ಮೂಲದ 20,902 ಮತ್ತು ಯುನಿಕೋಡ್‌ಗೆ ಆಮೇಲೆ ಸೇರಿದ ವಿಸ್ತರಣೆ ‘ಎ’ಯ 6,582 ನೋಟೊದಲ್ಲಿ ಪೂರ್ತಿ ಇವೆ, ವಿಸ್ತರಣೆ ‘ಬಿ’ಯ 42,711ರಲ್ಲಿ ಸ್ವಲ್ಪ ಮಾತ್ರ, 65,535ರ ಮಿತಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಚೀನಾದ ಶಾನ್ಶಿ ಪ್ರಾಂತ್ಯದ ಬಿಯಾಂಗ್ ನೂಡಲ್ಸ್‌ನ ಐವತ್ತಕ್ಕೂ ಹೆಚ್ಚು ಗೆರೆಗಳ ಅಕ್ಷರಕ್ಕೆ ಮಾತ್ರ ಜಾಗ ಮಾಡಿಕೊಟ್ಟಿದ್ದಾರೆ, ಅದು ವಿನ್ಯಾಸಕಾರರ ಶೋಕಿ. ಹಳೆಯ ಗ್ರಂಥ, ವಂಶಾವಳಿಗಳ ಕೆಲಸಕ್ಕೆ ವಿಂಡೋಸ್‌ನಲ್ಲಿ ಸಿಮ್‌ಸನ್-ಎಕ್ಸ್‌ಟಿಬಿ, ಉಳಿದೆಡೆ ಹಾನಾಜೋನೋ ಅಥವಾ ಬೇಬಲ್‌ಸ್ಟೋನ್ ಹಾನ್ ಅನ್ನು ಫಾಂಟ್ ಸಾಲಿನ ಕೊನೆಯಲ್ಲಿ ಸೇರಿಸಿ. ಅದಾದ ಮೇಲೂ ಒಂದು ಹೆಸರು ಬರೆದು ಉಳಿಸಿದಾಗ ಆ ಅಕ್ಷರದಿಂದ ಮುಂದಿನದೆಲ್ಲ ಮಾಯವಾಗುತ್ತಿದ್ದರೆ ಮೈಎಸ್‌ಕ್ಯುಎಲ್ ಡೇಟಾಬೇಸಿನ ಟೇಬಲ್ ನೋಡಿ. ಅದರ ಹಳೆಯ ‘ಯುಟಿಎಫ್8’ ಮೂರು ಬೈಟ್‌ಗೆ ನಿಲ್ಲುತ್ತದೆ, ವಿಸ್ತರಣೆ ‘ಬಿ’ಯ ಪ್ರತಿ ಅಕ್ಷರಕ್ಕೂ ನಾಲ್ಕು ಬೈಟ್ ಬೇಕು. ಟೇಬಲನ್ನೂ ಸಂಪರ್ಕವನ್ನೂ ‘ಯುಟಿಎಫ್8ಎಂಬಿ4’ಕ್ಕೆ ಬದಲಿಸಿ, ಕಳೆದುಹೋದ ಹೆಸರುಗಳನ್ನು ಮತ್ತೆ ಟೈಪ್ ಮಾಡಿ.